ಲಗಾಮು ಹಿಡಿದ ಭೀಮಕ್ಕ

ಭೀಮಕ್ಕನಿಗೆ ದೇವರ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ದೇವರೆಂದರೆ ಮಲ್ಲಯ್ಯ. ಆಲೂರು ಕಡೆಯ ಆಕೆಯ ತವರಿನಲ್ಲಿ ಕುರಿಹಿಂಡಿನ ಜೊತೆಗೆ ಒಂದು ಬಿಳಿ ಕುದುರೆಯನ್ನೂ ಸಾಕಿದ್ದರು. ಅದು ಮಲ್ಲಯ್ಯನ ಕುದುರೆ. ವರ್ಷಕ್ಕೊಮ್ಮೆ ಅದರ ಹಣೆಗೆ ಭಂಡಾರದ ಅರಿಶಿನ ಬಳಿದು, ಬೆನ್ನಿಗೆ ಹೊಸ ಕಂಬಳಿ ಹೊದಿಸಿ, ಗುಡ್ಡದ ಗುಡಿಯವರೆಗೆ ನಡೆಸಿಕೊಂಡು ಹೋಗುವುದು ಆ ಮನೆತನದ ಪಾಲಿಗೆ ಬಂದ ಸೇವೆ. ಬೆನ್ನ ಮೇಲೆ ಯಾರೂ ಕೂರುವಂತಿಲ್ಲ. ಅಲ್ಲಿ ಮಲ್ಲಯ್ಯ ಕೂತಿರುತ್ತಾನೆ. ಆ ಕುದುರೆಯನ್ನಷ್ಟೇ ಅಲ್ಲ, ಲೋಕದ ಯಾವ ಕುದುರೆಯನ್ನೂ ಆ ಮನೆಯವರು ಏರಬಾರದು ಎಂದು ಯಾವ ಕಾಲದಲ್ಲೋ ಯಾರೋ ಹಿರಿಯರು ಮಾತು ಕೊಟ್ಟು ಸತ್ತಿದ್ದರು. ಮಾತು ಕೊಡುವವರಿಗೇನು, ಕೊಟ್ಟು ಕಣ್ಣು ಮುಚ್ಚಿಬಿಡುತ್ತಾರೆ. ಬಿಸಿಲಿನಲ್ಲಿ ನಡೆಯುವವರು ಬೇರೆಯವರು.

ಅಪ್ಪ ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ. ಲಗಾಮಿನ ತುದಿಯನ್ನು ಮಗಳ ಕೈಗೂ ಕೊಡುತ್ತಿದ್ದ. ಕಾಲಡಿಯ ಎರೆಮಣ್ಣು ಸುಡುತ್ತಿತ್ತು, ದಾರಿ ಮುಗಿಯುತ್ತಿರಲಿಲ್ಲ. ಭೀಮಕ್ಕ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು.

"ಅಪ್ಪಾ, ಮ್ಯಾಲ ಯಾರೂ ಕಾಣವಲ್ಲರಲ್ಲ?"

"ಕಾಣಂಗಿದ್ರ ಆತ ದೇವ್ರು ಯಾಕ ಆಗ್ತಿದ್ದ? ಸುಮ್ನ ನಡಿ."

ಸುಮ್ಮನೆ ನಡೆದಳು. ಆದರೆ ಒಳಗೆ ಒಂದು ಮಾತು ಕೂತುಬಿಟ್ಟಿತು. ಅಷ್ಟು ಅಗಲದ ಬೆನ್ನು, ಅದರ ಮೇಲೆ ಕಾಣದವನೊಬ್ಬ; ಒಂದು ಮೂಲೆಯಲ್ಲಿ ತನಗೂ ಜಾಗ ಬಿಟ್ಟರೆ ಅವನ ಗಂಟೇನು ಹೋಗುತ್ತಿತ್ತು? ಗುಡಿ ಮುಟ್ಟಿದ ಮೇಲೆ ಎಲ್ಲರೂ ಅಡ್ಡಬಿದ್ದರು. ಭೀಮಕ್ಕನೂ ಬಿದ್ದಳು, ಮನಸ್ಸಿಲ್ಲದೆ.

ಆಕೆಯ ಮದುವೆ ಆದೋನಿಯ ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಯರ್ರೆಪ್ಪನೊಂದಿಗೆ ಆಯಿತು. ಮದುಮಗ ಬಾಡಿಗೆಯ ಕುದುರೆ ಏರಿ ಊರೊಳಗೆ ಬಂದ. ಬಂದ ಎನ್ನುವುದಕ್ಕಿಂತ ಕುದುರೆ ಅವನನ್ನು ತಂದಿತು ಎನ್ನುವುದೇ ಸರಿ. ಡೊಳ್ಳಿನ ಸದ್ದಿಗೆ ಕುದುರೆ ಒಂದು ಸಲ ಮೈ ಕೊಡವಿದ್ದೇ ತಡ, ಯರ್ರೆಪ್ಪ ಅದರ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಬಾಸಿಂಗ ಕಿವಿಗೆ ಜೋತುಬಿದ್ದು, ಕಣ್ಣು ಮುಚ್ಚಿಕೊಂಡು ಹಂದರದವರೆಗೆ ಬಂದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಭೀಮಕ್ಕನಿಗೆ ಗಂಡನ ಮುಖ ಕಾಣಲೇ ಇಲ್ಲ. ಆಕೆ ನೋಡಿದ್ದು ಸಡಿಲವಾಗಿ ಜೋತಾಡುತ್ತಿದ್ದ ಲಗಾಮನ್ನು.

ಕಳಿಸಿಕೊಡುವ ಹೊತ್ತಿಗೆ ಅಪ್ಪ ತಾನೇ ನೇಯ್ದ ಒಂದು ಕಂಬಳಿಯನ್ನು ಮಗಳ ತೋಳಿಗೆ ಹಾಕಿ ಹೇಳಿದ: "ಇನ್ನ ನೀ ನಮ್ಮ ಮನೀಕಿ ಅಲ್ಲ ಮಗಳೆ. ನಮ್ಮ ಮನಿ ಮಾತು, ನಮ್ಮ ಮನಿ ಕಟ್ಟು, ಯಾವೂ ನಿನಗ ಹತ್ತಾದಿಲ್ಲ. ಇನ್ನ ಮ್ಯಾಲ ಗಂಡನ ಮನೀವು ಏನದಾವು, ಅವ ನಿನ್ನವು."

ಹೆಂಗಸರೆಲ್ಲ ಗೊಳೋ ಎಂದು ಅತ್ತರು. ಭೀಮಕ್ಕನೂ ಸೆರಗು ಮುಖಕ್ಕೆ ಹಿಡಿದು ಅತ್ತಳು. ಅಳುವಿನ ನಡುವೆಯೇ, ಸೆರಗಿನ ಮರೆಯಲ್ಲಿ, ಒಂದು ವಿಷಯ ಹೊಳೆದು ಆಕೆಯ ಬಿಕ್ಕು ನಿಂತುಹೋಯಿತು. ಹಾಗಾದರೆ ಇನ್ನು ತಾನು ಕುದುರೆ ಏರಬಹುದು!

ಏರಬಹುದು, ಸರಿ. ಏರಲು ಕುದುರೆ ಬೇಕಲ್ಲ. ಜಿನ್ನಿನ ಕೂಲಿಯವರ ಸಾಲುಮನೆಯಲ್ಲಿ ಕೋಳಿ ಕಟ್ಟುವುದಕ್ಕೂ ಜಾಗವಿರಲಿಲ್ಲ. ಅತ್ತೆ ಗಾದಿಲಿಂಗಮ್ಮನ ಬಾಯಿ ಬೆಳಗಿನಿಂದ ಸಂಜೆಯವರೆಗೆ ಜಿನ್ನಿನ ಮಿಷಿನ್ನಿನ ಹಾಗೆಯೇ ನಡೆಯುತ್ತಿತ್ತು. ಮಗಳು ರಾಮಲಕ್ಷ್ಮಿ ಹುಟ್ಟಿದಳು, ಮಗ ಓಬಳೇಶ ಹುಟ್ಟಿದ. ಹತ್ತಿಯ ಸುಗ್ಗಿಗಳು ಬಂದವು, ಹೋದವು. ಬಳ್ಳಾರಿ ಮೈಸೂರಿನ ಪಾಲಾಯಿತು, ಆದೋನಿ ಆಂಧ್ರದ ಪಾಲಾಯಿತು. ಜಿನ್ನಿನ ಗೇಟಿನ ಬೋರ್ಡು ಬದಲಾಯಿತು. ಭೀಮಕ್ಕನ ಆಸೆ ಮಾತ್ರ ಕಂಬಳಿಯ ಜೊತೆಗೆ ಟ್ರಂಕಿನ ತಳದಲ್ಲಿ ಹಾಗೆಯೇ ಇತ್ತು. ಅದನ್ನು ಯಾರ ಮುಂದೆ ಹೇಳುವುದು? ನಡುವಯಸ್ಸಿಗೆ ಬಂದ ಹೆಂಗಸು, ಕುದುರೆ ಏರಬೇಕು ಅಂತೀನಿ ಎಂದರೆ ಸಾಲುಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಗೆ ನೆಪವೊಂದು ತಾನಾಗಿಯೇ ಕಾಲಿಗೆ ತೊಡರಿಕೊಂಡಿತು. ಓಣಿಯಲ್ಲಿ ಒಂದು ಮದುವೆ ನಡೆಯಿತು. ಮದುಮಗ ಕುದುರೆ ಮೇಲೆ ಬಂದೊಡನೆ ಎಲ್ಲರಿಗೂ ಯರ್ರೆಪ್ಪನ ಹಳೆಯ ದಿಬ್ಬಣ ನೆನಪಾಯಿತು. ಬಲ್ಲವರು ಕುತ್ತಿಗೆ ತಬ್ಬಿಕೊಂಡು ತೋರಿಸಿದರು, ನೋಡದವರೂ ತೋರಿಸಿದರು. ಯರ್ರೆಪ್ಪ ಮುಖ ಗಂಟು ಹಾಕಿಕೊಂಡು ಮನೆಗೆ ಬಂದ. ಭೀಮಕ್ಕ ಅವನ ಮುಂದೆ ಗಂಗಾಳವಿಟ್ಟು, ಮೆಲ್ಲಗೆ ಮಾತು ತೆಗೆದಳು.

"ನಾಳೆ ನಮ್ಮ ಓಬಳೇಶನೂ ಕುದುರಿ ಏರಾವ. ಅವಗೂ ಹಿಂಗ ಆದ್ರ ಹೆಂಗ? ಈಗಲೇ ಒಂದೀಟು ಕಲಿಸಿದ್ರ ಚಲೋ ಅಲ್ಲೇನು?"

ಓಬಳೇಶನಿಗೆ ಇನ್ನೂ ಮೀಸೆಯ ಸುಳಿವಿರಲಿಲ್ಲ. ಆದರೂ ಗಾಯದ ಮೇಲೆ ಮಾತು ಬಿದ್ದಿತ್ತು. ಯರ್ರೆಪ್ಪ ರೊಟ್ಟಿ ಮುರಿಯುತ್ತಾ, "ಕಲೀಲಿ. ಅವನ ಜೋಡಿ ನಾನೂ ಕಲಿತೀನಿ. ನಗಾವ್ರು ನೋಡ್ಲಿ," ಎಂದ.

"ನಾನೂ!" ಎಂದಳು ರಾಮಲಕ್ಷ್ಮಿ.

"ಹೆಣ್ಣುಡುಗಿ ಕುದುರಿ ಏರಿ ಎಲ್ಲಿಗೆ ಹೋಗಬೇಕಾಗೇತಿ?" ಎಂದು ಗಾದಿಲಿಂಗಮ್ಮ ಮೂಲೆಯಿಂದ ಗದರಿದಳು. ಭೀಮಕ್ಕ ಗಂಡನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು. ಮನೆಯವರೆಲ್ಲ ಕಲಿತರೆ ನಡುವೆ ಒಂದು ದಿನ ತನ್ನ ಪಾಳಿಯೂ ಬರುತ್ತದೆ ಎಂದು ಲೆಕ್ಕ ಹಾಕಿ ಒಳಗೊಳಗೇ ಹಿಗ್ಗಿದಳು.

ಬಡವರ ಮನೆಗೆ ಕುದುರೆ ಸವಾರಿ ಕಲಿಸುವವರನ್ನು ಹುಡುಕುವುದೆಂದರೆ ಸಣ್ಣ ಮಾತಲ್ಲ. ದಿಬ್ಬಣದ ಕುದುರೆಯವನು ಹೇಳಿದ ರೇಟು ಕೇಳಿ ಭೀಮಕ್ಕ, "ಕುದುರಿ ಕೊಳ್ಳಾಕ ಬಂದಿಲ್ಲಪ್ಪ, ಏರಾಕ ಬಂದೀನಿ," ಎಂದು ಹೇಳಿ ಬಂದಳು. ನಿಜಾಮನ ಪಡೆಯಲ್ಲಿದ್ದು ಬಂದ ಮುದುಕನೊಬ್ಬ ಹತ್ತಿ ಸಾವುಕಾರರ ಮಕ್ಕಳಿಗೆ ಕಲಿಸುತ್ತಿದ್ದ. ಅವನು ರೇಟಿನ ಮಾತನ್ನೇ ಎತ್ತಲಿಲ್ಲ. ಮಕ್ಕಳ ಕಾಲು ನೋಡಿ, "ಬೂಟು ಅದಾವೇನು?" ಎಂದು ಕೇಳಿದ. ಆ ಕಾಲುಗಳು ಚಪ್ಪಲಿಯನ್ನೇ ಕಂಡವಲ್ಲ. ಮನೆಗೆ ಬಂದರೆ ಯರ್ರೆಪ್ಪನ ಚೇಷ್ಟೆ: "ಅಗಸರ ಕತ್ತೆ ಐತಲ್ಲ, ಅದ್ರ ಮ್ಯಾಲ ಕಲೀತೀವಿ ಬಿಡು. ಕಿವಿ ಅಷ್ಟ ಹೆಚ್ಚು-ಕಮ್ಮಿ."

ಭೀಮಕ್ಕ ದಿನವೂ ಗಂಡನಿಗೆ ಬುತ್ತಿ ಒಯ್ಯುತ್ತಿದ್ದ ದಾರಿ ರೈಲ್ವೆ ಸ್ಟೇಷನ್ನಿನ ಮುಂದೆ ಹಾದುಹೋಗುತ್ತಿತ್ತು. ಅಲ್ಲಿ ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದವು. ಸಾಲಿನ ಕೊನೆಯಲ್ಲಿ ಮದಾರ್ ಸಾಬನ ಜಟಕಾ, ಅದಕ್ಕೆ ಚಮೇಲಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಮದಾರ್ ಸಾಬ ತೆಳ್ಳಗಿನ ಮುದುಕ, ಬಾಯಿ ತುಂಬ ಎಲೆಅಡಿಕೆ, ಹೆಂಗಸರನ್ನು ಎಂದೂ ಏಕವಚನದಲ್ಲಿ ಕರೆದವನಲ್ಲ. ಒಂದು ದಿನ ಭೀಮಕ್ಕ ಚಮೇಲಿಯ ಬೆನ್ನ ಮೇಲೆ ಪಟ್ಟಿ ಉಜ್ಜಿ ಕೆಂಪಾದ ಗಾಯ ಕಂಡು ನಿಂತುಬಿಟ್ಟಳು.

"ಚರ್ಮ ಕಿತ್ತು ಹೋಗೇತಲ್ರಿ ಸಾಬ್ರೇ. ಮೆತ್ತಂದು ಏನಾರ ಹಾಕಬಾರದೇನು?"

"ಏನ್ ಹಾಕ್ಲಿ ಅಮ್ಮಾ? ಗೋಣಿಚೀಲ ಹಾಕ್ದೆ, ಅದು ಇನ್ನಾ ಕೊರೀತು."

ಮರುದಿನ ಟ್ರಂಕಿನ ತಳದ ಕಂಬಳಿ ಹೊರಗೆ ಬಂತು. ಮರಿಕುರಿಯ ಉಣ್ಣೆಯದು, ಮೆತ್ತನೆಯದು. ಮದಾರ್ ಸಾಬ ಅದನ್ನು ಮುಟ್ಟಿ ನೋಡಿ, ಕಣ್ಣು ದೊಡ್ಡದು ಮಾಡಿ, ಇದಕ್ಕೆ ಏನು ಕೊಡಬೇಕು ಎಂದು ಕೇಳಿದ. ಭೀಮಕ್ಕ ಹೇಳಿದಳು. ಕಂಬಳಿ ಚಮೇಲಿಗೆ. ಕಲಿಸುವ ದಿನ ಚಮೇಲಿಗೆ ಒಂದು ಗಡಿಗೆ ಬೇಯಿಸಿದ ಹುರುಳಿ. ಅದರ ಬದಲಿಗೆ ಭಾನುವಾರ ಜಿನ್ನಿಗೆ ರಜೆ ಇದ್ದಾಗ, ಮಧ್ಯಾಹ್ನದ ರೈಲು ಹೋದ ಮೇಲೆ, ಸಂಜೆಯ ರೈಲು ಬರುವವರೆಗೆ, ಜಿನ್ನಿನ ಹಿಂದಿನ ಬಯಲಿನಲ್ಲಿ ಮನೆಯವರಿಗೆಲ್ಲ ಸವಾರಿಯ ಪಾಠ. ಮದಾರ್ ಸಾಬ ನಕ್ಕು, ಆಗಲಿ ಅಂದ.

"ನಮಗ ಸಾರಿಗೆ ಹುರುಳಿ ಇಲ್ಲ, ಈಕಿ ಕುದುರಿಗೆ ಗಡಿಗಿ ಏರಿಸ್ಯಾಳ," ಎಂದು ಗಾದಿಲಿಂಗಮ್ಮ ಒಲೆಯ ಮುಂದೆ ಗೊಣಗಿದಳು. ಗೊಣಗುತ್ತಲೇ ಉರಿ ಮುಂದಕ್ಕೆ ತಳ್ಳಿದಳು.

ಮೊದಲ ಭಾನುವಾರ ಬಂತು. ಸಾಲುಮನೆಯ ಅರ್ಧ ಮಂದಿ ಬಯಲಿಗೆ ಬಂದು ನಿಂತಿದ್ದರು. ಬಿಟ್ಟಿ ಆಟ ಯಾರಿಗೆ ಬೇಡ? ಜಟಕಾದಿಂದ ಬಿಚ್ಚಿದ ಚಮೇಲಿ ಕಂಬಳಿ ಹೊದ್ದು ನಿಂತಿತ್ತು. ಭೀಮಕ್ಕ ಅದರ ಕುತ್ತಿಗೆಯ ಕೂದಲಿಗೆ ಕೈಯಿಟ್ಟಳು. ಬಿಸಿಯಾಗಿತ್ತು. ಬೆವರು, ಹುಲ್ಲು, ಅಪ್ಪನ ಅಂಗಳದ ಹಳೆಯ ವಾಸನೆ. 

ಮದಾರ್ ಸಾಬ ಸುತ್ತ ನೋಡಿ, ಸಹಜವಾಗಿ ಕೇಳಿದ: "ಮೊದ್ಲು ಯಾರು? ನೀವಾ ಅಮ್ಮಾ?"

ಎಲ್ಲರೂ ಭೀಮಕ್ಕನ ಕಡೆ ತಿರುಗಿದರು. ಯಾರೋ ಕಿಸಕ್ಕೆಂದರು. ಗಂಡ ಬಾಯಿ ತೆರೆದು ನೋಡುತ್ತಿದ್ದ. ಅತ್ತೆ ಹುಬ್ಬು ಗಂಟಿಕ್ಕಿ ನಿಂತಿದ್ದಳು. ಹ್ಞೂಂ ಅಂದಿದ್ದರೆ ಮುಗಿದಿತ್ತು. ಬದುಕಿಡೀ ಕಾದಿದ್ದ ಮಾತು ತಾನಾಗಿ ಎದುರಿಗೆ ಬಂದು ನಿಂತಾಗ ಭೀಮಕ್ಕನ ನಾಲಿಗೆಗೆ ಬೇರೆಯದೇ ಬಂತು.

"ಛೇ, ಛೇ, ನಾನಲ್ರಿ. ನಮ್ಮ ತವರಿನವ್ರು ಕುದುರಿ ಏರಾದಿಲ್ರಿ. ಮಲ್ಲಯ್ಯನ ಮಾತೈತಿ. ಲಗಾಮು ಹಿಡಿಯಾದಷ್ಟ ನಮ್ಮ ಕೆಲಸ."

ಮದಾರ್ ಸಾಬ ತಟ್ಟನೆ ಕೆನ್ನೆ ಬಡಿದುಕೊಂಡ. "ತೋಬಾ, ತೋಬಾ! ಮಾಫ್ ಮಾಡ್ರಿ ಅಮ್ಮಾ, ಗೊತ್ತಿರಲಿಲ್ಲ. ಹರಕಿ ಅಂದ್ರ ನನಗ ಗೊತ್ತೈತಿ. ನಾನೂ ಪೀರಲ ಹಬ್ಬದಾಗ ಕಾಲಿಗೆ ಚಪ್ಲಿ ಹಾಕಾದಿಲ್ಲ." ಅವನು ಎರಡೂ ಕೈಯಿಂದ ಲಗಾಮನ್ನು ಎತ್ತಿ, ಗುಡಿಯಲ್ಲಿ ಹೂವು ಕೊಡುವವರಂತೆ, ಆಕೆಯ ಕೈಗೆ ಕೊಟ್ಟ.

ಆ ಮಾತು ತನಗೆ ಈಗ ಹತ್ತುವುದಿಲ್ಲ ಎಂದು ಭೀಮಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆಡಿ ಆಗಿತ್ತು, ಊರ ಮಂದಿ ಕೇಳಿ ಆಗಿತ್ತು. ಇರಲಿ, ಇನ್ನೊಂದು ಭಾನುವಾರ ಮೆಲ್ಲಗೆ ಸರಿಮಾಡಿದರಾಯಿತು ಎಂದುಕೊಂಡಳು.

ಪಾಠ ನಡೆಯಿತು. ಓಬಳೇಶ ಏರಿದ, ರಾಮಲಕ್ಷ್ಮಿ ಏರಿದಳು, ಭೀಮಕ್ಕ ಲಗಾಮು ಹಿಡಿದು ಬಯಲು ಸುತ್ತಿದಳು. ಮದಾರ್ ಸಾಬನ ಪಾಠ ಚಿಕ್ಕದು: "ಮೊಳಕಾಲು ಬಿಗಿ, ಕೈ ಸಡ್ಲ." ಮಿಕ್ಕಿದ್ದನ್ನು ಚಮೇಲಿಯೇ ಕಲಿಸುತ್ತಾಳೆ ಎನ್ನುತ್ತಿದ್ದ. ಕೆಲವೇ ವಾರಗಳಲ್ಲಿ ಮಕ್ಕಳು ಯಾರ ಹಿಡಿತವೂ ಬೇಡ ಎನ್ನುವಷ್ಟಾದರು.

ಯರ್ರೆಪ್ಪನ ಕಥೆ ಬೇರೆ. ಬಿಗಿ ಎಂದರೆ ಅವನ ಕೈ ಬಿಗಿಯಾಗುತ್ತಿತ್ತು, ಸಡಿಲ ಎಂದರೆ ಕಾಲು ಸಡಿಲವಾಗುತ್ತಿತ್ತು. ಕೊನೆಗೊಂದು ದಿನ ಬೆನ್ನು ನೆಟ್ಟಗೆ ಮಾಡಿ ಕೂತು, ಮೀಸೆಯ ಮೇಲೂ ಕೈಯಾಡಿಸಿದ. ಅದೇ ಹೊತ್ತಿಗೆ, ತಡವಾಗಿ ಬಂದ ಗೂಡ್ಸ್ ಗಾಡಿಯೊಂದು ಸಿಳ್ಳು ಹಾಕಿತು. ಜಟಕಾದ ಕುದುರೆ, ಸಿಳ್ಳು ಕೇಳಿದರೆ ಸ್ಟೇಷನ್ನಿಗೆ ಹೋಗಬೇಕೆಂದು ಅದಕ್ಕೆ ಗೊತ್ತು, ಮೇಲೆ ಕೂತವರ ಇಷ್ಟಾನಿಷ್ಟ ಗೊತ್ತಿಲ್ಲ. ಚಮೇಲಿ ಯರ್ರೆಪ್ಪನ ಸಮೇತ ಬಜಾರಿನ ನಡುವೆ ಓಡಿ, ಸ್ಟೇಷನ್ನಿನ ಮುಂದೆ ಜಟಕಾ ಸಾಲಿನಲ್ಲಿ ತನ್ನ ಜಾಗ ನೋಡಿ ನಿಂತಿತು. ಭೀಮಕ್ಕ ಏದುಸಿರು ಬಿಡುತ್ತಾ ಹೋಗಿ ಮುಟ್ಟಿದಾಗ ಯಾರೋ ಪ್ರಯಾಣಿಕ ಟ್ರಂಕು ಹಿಡಿದು, "ಕೋಟೆ ಹತ್ರಕ್ಕ ಎಷ್ಟು?" ಎಂದು ಯರ್ರೆಪ್ಪನನ್ನು ಕೇಳುತ್ತಿದ್ದ. ಆದರೆ ಯರ್ರೆಪ್ಪ ಬಿದ್ದಿರಲಿಲ್ಲ, ಕುತ್ತಿಗೆ ತಬ್ಬಿರಲಿಲ್ಲ. ಅಂದಿನಿಂದ ಓಣಿಯಲ್ಲಿ ಹಳೆಯ ದಿಬ್ಬಣದ ಮಾತು ನಿಂತಿತು.

ಎಲ್ಲರಿಗಿಂತ ಹೆಚ್ಚಿನ ಸೋಜಿಗ ಗಾದಿಲಿಂಗಮ್ಮನದು. ಅಣಕಿಸಲೆಂದೇ ಬಯಲಿಗೆ ಬರುತ್ತಿದ್ದ ಮುದುಕಿ ಒಂದು ದಿನ, "ಎಲ್ಲಾರೂ ಕುಂತ್ರಿ, ನಾನಾರ ಯಾಕ ಉಳೀಲಿ? ಸತ್ರ ಸಾಯ್ತೀನಿ," ಎಂದು ಕಲ್ಲಿನ ಮೇಲೆ ಹತ್ತಿ, ಅಲ್ಲಿಂದ ಚಮೇಲಿಯ ಮೇಲೆ ಕೂತುಬಿಟ್ಟಳು. ಭೀಮಕ್ಕ ಲಗಾಮು ಹಿಡಿದು ನಡೆಸಿದಳು. ಒಂದು ಸುತ್ತಾದ ಮೇಲೆ ಇಳಿ ಅಂದರೆ ಇಳಿಯಲೊಲ್ಲಳು. "ಮೊಳಕಾಲು ಬಿಗಿ, ಕೈ ಸಡ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ, "ಇನ್ನೊಂದು ಸುತ್ತು ಹೊಡಿಯೇ," ಎಂದು ಸೊಸೆಗೆ ಅಪ್ಪಣೆ ಮಾಡಿದಳು.

ಭೀಮಕ್ಕ ಹೊಡೆದಳು. ಮುಂದೆ ನೋಡುತ್ತಾ ನಡೆದಳು. ಹಿಂದೆ ತಿರುಗಿದರೆ ಕಣ್ಣು ಒದ್ದೆಯಾಗಿರುವುದು ಕಾಣುತ್ತದಲ್ಲ.

ಸರಿಮಾಡುವ ಆ ಇನ್ನೊಂದು ಭಾನುವಾರ ಬರಲೇ ಇಲ್ಲ. "ಅವ್ವಾ, ನೀನೂ ಬಾ," ಎಂದು ರಾಮಲಕ್ಷ್ಮಿ ಒಮ್ಮೆ ಮೇಲಿನಿಂದ ಕೈ ಚಾಚಿದಾಗ ಭೀಮಕ್ಕನ ಕೈ ಅರ್ಧ ಎದ್ದಿತ್ತು. ಮದಾರ್ ಸಾಬ ನಡುವೆ ಬಂದ. "ಅವ್ವನ ಹರಕಿ ಕೆಡಸ್ತೀಯೇನು ಬೇಟಿ? ದೊಡ್ಡೋರ ಮಾತು ಅದು." ಹುರುಳಿಯ ಗಡಿಗೆ ಕೊಡುವಾಗ ಇವತ್ತು ಹೇಳಿಯೇಬಿಡುತ್ತೇನೆ ಎಂದು ಭೀಮಕ್ಕ ಬಾಯಿ ತೆರೆದರೆ, ಅವನೇ ಮೊದಲಾದ. "ನಿಮ್ಮ ಮಾತು ನಮ್ಮ ಜಟಕಾದೋರಿಗೆಲ್ಲ ಹೇಳೀನಿ ಅಮ್ಮಾ. ಕುದುರಿ ಮುಂದ ಇದ್ರೂ ಆಸಿ ಮಾಡಾದಿಲ್ಲ. ಇಂಥೋರು ಎಷ್ಟು ಮಂದಿ ಅದಾರ ಈಗ?" ಸ್ಟೇಷನ್ನಿನ ಮುಂದೆ ಜಟಕಾದವರು ಆಕೆಯನ್ನು ಕಂಡರೆ ಬೀಡಿ ಮರೆಮಾಡತೊಡಗಿದ್ದರು. ಇಷ್ಟು ಮರ್ಯಾದೆಯನ್ನು ಯಾವ ಬಾಯಿಂದ ಸುಳ್ಳೆಂದು ಹೇಳುವುದು? ಆಸೆ ಇಲ್ಲದವಳೆಂದು ತನಗೆ ಕೈಮುಗಿದವರ ಮುಂದೆ ಭೀಮಕ್ಕ ಆಸೆಯನ್ನು ನುಂಗಿ ಲಗಾಮು ಹಿಡಿಯುತ್ತಿದ್ದಳು. ಚಮೇಲಿಯ ಒಂದೊಂದು ಹೆಜ್ಜೆಯೂ ಆ ಲಗಾಮಿನಿಂದ ಆಕೆಯ ಕೈಗೆ ಬರುತ್ತಿತ್ತು. ರಾತ್ರಿ ಮಲಗಿದರೂ ಅಂಗೈಯಲ್ಲಿ ಅದೇ ನಡಿಗೆ.

ಬಜಾರಿಗೆ ಸೈಕಲ್ ರಿಕ್ಷಾಗಳು ಬಂದಿದ್ದವು, ಸ್ಟೇಷನ್ನಿನವರೆಗೆ ಬಸ್ಸೂ ಬರತೊಡಗಿತ್ತು. ಸಾಲಿನಲ್ಲಿ ಜಟಕಾಗಳು ಕಡಿಮೆಯಾದವು. ಒಂದು ದಿನ ಮದಾರ್ ಸಾಬ ಎಲೆಅಡಿಕೆ ಉಗಿದು ಹೇಳಿದ: "ಸಾಕಾತು ಅಮ್ಮಾ. ಮಗ ಎಮ್ಮಿಗನೂರಾಗ ನೂಲಿಗೆ ಬಣ್ಣ ಹಾಕ್ತಾನ, ಬಾ ಅಂತಾನ. ಗಾಡಿ ಕೊಟ್ಟುಬಿಟ್ಟೆ. ಚಮೇಲೀನ ಬೆಳಗಲ್ ಮಾರೆಣ್ಣ ಒಯ್ತಾನ. ಕುರಿ ಯಾಪಾರದವ, ಹಳ್ಳಿ ಹಳ್ಳಿ ತಿರುಗಾಕ ಬೇಕಂತ. ಮುಂದಿನ ಐತಾರ ಎಮ್ಮಿಗನೂರು ದಾರಿ ಬೇವಿನ ಮರದ ತಾವ ಬರ್ತಾನ."

 ಒಂದೇ ಭಾನುವಾರ ಉಳಿದಿತ್ತು.

ಆ ವಾರವೆಲ್ಲ ಆಕೆ ಒಂದೇ ಮಾತನ್ನು ಬಾಯಿಪಾಠ ಮಾಡಿದಳು: ಸಾಬ್ರೇ, ಆ ಮಾತು ತವರಿನದು, ನನ್ನದಲ್ಲ, ಒಂದು ಸಲ ಏರಿಸ್ರಿ. ಯಾರು ನಕ್ಕರೆ ನಗಲಿ. ಮಲ್ಲಯ್ಯನಿಗೆ ಕೈಮುಗಿದು, ನಿನ್ನ ಕುದುರೆ ಕೇಳುತ್ತಿಲ್ಲಪ್ಪ, ಜಟಕಾದ್ದು ಅಷ್ಟೇ, ಎಂದೂ ಹೇಳಿ ಇಟ್ಟಳು. ಭಾನುವಾರ ಕಳೆ ಕೀಳಲು ಹೋಗುವವರ ಹಾಗೆ ಸೀರೆಯನ್ನು ಗಟ್ಟಿಯಾಗಿ ಕಚ್ಚೆ ಹಾಕಿ ಉಟ್ಟಳು.

"ಹೊಲಕ್ಕ ಹೊಂಟೀಯೇನು?" ಎಂದಳು ಗಾದಿಲಿಂಗಮ್ಮ.

"ಕುದುರಿ ಕಳಸಾಕ."

ಮುದುಕಿ ಸೊಸೆಯ ಕಚ್ಚೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. 

ಭೀಮಕ್ಕ ಬೇಕೆಂದೇ ಒಬ್ಬಳೇ ಹೋದಳು. ಬಯಲು ಖಾಲಿಯಿತ್ತು. ಮದಾರ್ ಸಾಬ ಚಮೇಲಿಯನ್ನು ಹಿಡಿದುಕೊಂಡು ಎದುರಿನಿಂದ ಬರುತ್ತಿದ್ದ. ಸಾಬ್ರೇ ಎಂದು ಆಕೆ ಬಾಯಿ ತೆರೆದಳು, ತೆರೆದ ಬಾಯಿ ಹಾಗೆಯೇ ಉಳಿಯಿತು.

ಚಮೇಲಿಯ ಮೈ ತಿಕ್ಕಿ ತೊಳೆದಿತ್ತು. ಕುತ್ತಿಗೆಗೆ ಚೆಂಡು ಹೂವಿನ ಮಾಲೆ. ಬೆನ್ನಿಗೆ ಒಗೆದು ಒಣಗಿಸಿದ ಕಂಬಳಿ. ಹಣೆಯ ತುಂಬ ಭಂಡಾರದ ಹಳದಿ.

"ಬಜಾರಕ್ಕ ಗೊರವಯ್ಯ ಬಂದಿದ್ದ ಅಮ್ಮಾ. ನಿಮ್ಮ ಮಲ್ಲಯ್ಯನ ಭಂಡಾರ ಕೊಡು ಅಂತ ಕೇಳಿ ಇಸ್ಕೊಂಡೆ," ಎಂದ ಮದಾರ್ ಸಾಬ. ಅವನ ಮುಖ ಹಬ್ಬದ ದಿನದ್ದಾಗಿತ್ತು. "ಇಷ್ಟು ದಿನ ಎಲ್ಲಾರೂ ಏರಿದ್ರು, ನೀವು ಹಿಡಿದು ನಡದ್ರಿ. ಒಂದು ದಿನ ಬ್ಯಾಸರ ಮಾಡ್ಲಿಲ್ಲ. ನಿಮಗ ಏನು ಕೊಡ್ಲಿ ಅಂತ ಭಾಳ ಇಚಾರ ಮಾಡ್ದೆ. ಇವತ್ತು ಚಮೇಲಿ ನಿಮ್ಮ ಮಲ್ಲಯ್ಯನ ಕುದುರಿ. ಯಾರೂ ಏರಬಾರ್ದು. ಆತ ಕುಂದರ್ಲಿ, ನೀವು ಲಗಾಮು ಹಿಡೀರಿ."

ಭೀಮಕ್ಕನ ಕಣ್ಣಿಂದ ನೀರು ದಳದಳ ಸುರಿಯಿತು. ಅದನ್ನು ಭಕ್ತಿ ಎಂದುಕೊಂಡು ಮದಾರ್ ಸಾಬನೂ ಕಣ್ಣೊರೆಸಿಕೊಂಡ. ಈ ಮುದುಕನ ಮುಂದೆ ಬಾಯಿಪಾಠದ ಮಾತು ಒಪ್ಪಿಸಲು ಆಕೆಗೆ ಮನಸ್ಸು ಬರಲಿಲ್ಲ. ಲಗಾಮು ಹಿಡಿದಳು. ಎಮ್ಮಿಗನೂರಿನ ದಾರಿ ಬಿಸಿಲಲ್ಲಿ ಉದ್ದಕ್ಕೆ ಬಿದ್ದಿತ್ತು, ಕಾಲಡಿಯ ಮಣ್ಣು ಸುಡುತ್ತಿತ್ತು. ಒಂದು ಸಲ ಹಿಂದೆ ತಿರುಗಿ ನೋಡಿದಳು. ಖಾಲಿ ಕಂಬಳಿ. ಅಪ್ಪ ಇದ್ದಿದ್ದರೆ ಸುಮ್ಮನೆ ನಡಿ ಅನ್ನುತ್ತಿದ್ದ.

ಬೇವಿನ ಮರದ ಕೆಳಗೆ ಮಾರೆಣ್ಣ ಕಾಯುತ್ತಿದ್ದ. ದೊಡ್ಡ ಹೊಟ್ಟೆ, ದೊಡ್ಡ ರುಮಾಲು, ಒಳ್ಳೆಯ ಮನುಷ್ಯನಂತೆ ಕಂಡ. ಚಮೇಲಿಯ ಹಲ್ಲು ನೋಡಿದ, ಕಾಲು ಎತ್ತಿ ನೋಡಿದ. ಆಮೇಲೆ ಲಗಾಮು ಹಿಡಿದಿದ್ದವಳನ್ನೇ ಕೇಳಿದ: "ಏಮಮ್ಮಾ, ಮ್ಯಾಲ ಕುಂತ್ರ ನಡಿಗಿ ಹೆಂಗೈತಿ? ಕುಲುಕ್ತತೇನು? ನನಗ ನಡುನೋವು ಐತಿ."

"ಕುಲುಕಾದಿಲ್ಲಣ್ಣ," ಎಂದಳು ಭೀಮಕ್ಕ. ಆಕೆಯ ಕಣ್ಣು ಚಮೇಲಿಯ ಬೆನ್ನ ಮೇಲಿತ್ತು. "ಮೊದ್ಲು ಎರಡು ಹೆಜ್ಜಿ ಎಡಕ್ಕ ಜಗ್ತಾಳ. ಆಗ ಹೆದರಬಾರ್ದು, ಬಿಟ್ಟುಬಿಡ್ಬೇಕು. ಆಮ್ಯಾಲ ಹದಕ್ಕ ಬರ್ತಾಳ. ಕೆಳಗಿಂದ ಯಾರೋ ಮೆಲ್ಲಕ ಎತ್ತಿ ಎತ್ತಿ ಇಟ್ಟಂಗಾಕ್ಕತಿ. ಕಾಲಿಗೆ ಆಕಿ ಉಸುರು ಬಡಿತೈತಿ, ಬೆಚ್ಚಗ. ಓಡಿದ್ರಂತೂ ಗಾಳಿ ಸೆರಗಿನಾಗ ಹೊಕ್ಕು, ಮೈ ಹಗುರಾಗಿ, ಮನಿ, ಒಲಿ, ಏನೂ ನೆನಪಿರಾದಿಲ್ಲ. ಕಿವಿ ಎರಡೂ ಮುಂದ ಕಾಣ್ತಿರ್ತಾವು. ಅವುಗಳ ನಡುವ ದಾರಿ. ಮೊಳಕಾಲು ಬಿಗಿ ಇಟ್ಟು ಕೈ ಸಡ್ಲ ಬಿಟ್ರ ಸಾಕಣ್ಣ, ಎಲ್ಲಿಗಂದ್ರ ಅಲ್ಲಿಗೆ ಒಯ್ತಾಳ."

ಮಾರೆಣ್ಣ ತಲೆಯಾಡಿಸಿದ. ಮದಾರ್ ಸಾಬ ಮಾತ್ರ ಕಲ್ಲಾಗಿ ನಿಂತಿದ್ದ. ತಗ್ಗಿದ ದನಿಯಲ್ಲಿ ಕೇಳಿದ: "ಯಾವಾಗ ಏರಿದ್ರಿ ಅಮ್ಮಾ?"

"ಏರಿಲ್ರಿ."

ಮುದುಕ ಆಕೆಯ ಕಚ್ಚೆಯನ್ನು ಆಗ ನೋಡಿದ. ಎಲ್ಲವೂ ತಿಳಿದು ಅವನ ಮುಖ ಕಪ್ಪಿಟ್ಟಿತು. "ಹಂಗಾರ ಆ ಮಾತು?"

"ತವರಿಂದ್ರಿ. ಮದುವ್ಯಾದ ಮ್ಯಾಲ ನನಗ ಹತ್ತಾದಿಲ್ಲ. ಅವತ್ತು ಮಂದಿ ಮುಂದ ನಾಚಿಕಿ ಬಂತು, ಅಂದುಬಿಟ್ಟೆ."

"ಯಾ ಅಲ್ಲಾ! ನನಗೊಂದು ಮಾತು ಹೇಳಬಾರ್ದೇನಮ್ಮಾ?" ಅವನು ಮಣ್ಣಿನಲ್ಲಿ ಮೊಣಕಾಲೂರಿ, ಎರಡೂ ಕೈ ಹೆಣೆದು ಮೆಟ್ಟಿಲು ಮಾಡಿ ಹಿಡಿದ. "ಈಗ ಏರ್ರಿ. ಇಟ್ಟುಬಿಡ್ರಿ ಕಾಲು. ಮಾರೆಣ್ಣ ಕಾಯ್ತಾನ. ಮಲ್ಲಯ್ಯ ಮಾಫ್ ಮಾಡ್ತಾನ."

ಭೀಮಕ್ಕ ಮುಂದಕ್ಕೆ ಒಂದು ಹೆಜ್ಜೆಯಿಟ್ಟಳು. ಕೈ ಚಮೇಲಿಯ ಕೂದಲಿಗೆ ಹೋಯಿತು. ಆಗ ಚಮೇಲಿ ಮುಖ ತಿರುಗಿಸಿತು, ಹಣೆಯ ಭಂಡಾರ ಬಿಸಿಲಿಗೆ ಹೊಳೆಯಿತು. ಭೀಮಕ್ಕನ ಕೈ ಮೆಲ್ಲನೆ ಕೆಳಗಿಳಿಯಿತು.

"ಬ್ಯಾಡ್ರಿ. ನೀವು ಅಷ್ಟು ಪಿರೀತಿಲಿ ಕರದು ಕುಂದರಿಸೀರಿ. ಆತ ಕುಂತಾನ್ರಿ ಈಗ. ಇಳಿ ಅನ್ನಾಕ ನನಗ ಬಾಯಿ ಬರಾದಿಲ್ಲ."

ಆಕೆ ಲಗಾಮನ್ನು ಮಾರೆಣ್ಣನಿಗೆ ಕೊಟ್ಟು, ಭಂಡಾರ ತಾನಾಗಿ ಉದುರುವವರೆಗೆ ಏರಬೇಡಣ್ಣ, ನಡೆಸಿಕೊಂಡು ಹೋಗು, ಎಂದು ಬೇಡಿಕೊಂಡಳು. ಕುರಿ ವ್ಯಾಪಾರದವನಿಗೆ ಮಲ್ಲಯ್ಯನ ಹೆಸರು ಸಾಕಿತ್ತು. ಅವನು ರುಮಾಲು ತೆಗೆದು ಕೈಮುಗಿದು, ಚಮೇಲಿಯನ್ನು ಹಿಡಿದು ಬೆಳಗಲ್ಲಿನ ಕಡೆಗೆ ನಡೆದ. ಮದಾರ್ ಸಾಬ ಕಂಬಳಿ ಮಡಚಿ ಆಕೆಯ ತೋಳಿಗೆ ಹಾಕಿದ. 

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, ಯರ್ರೆಪ್ಪ ಜಿನ್ನಿನಲ್ಲಿದ್ದಾಗ, ಮಕ್ಕಳು ಹೊರಗೆ ಹೋಗಿದ್ದಾಗ, ಭೀಮಕ್ಕ ಕಂಬಳಿಯನ್ನು ಹಿತ್ತಲಿನ ಮೋಟುಗೋಡೆಯ ಮೇಲೆ ಬಿಸಿಲಿಗೆ ಹರವಿದಳು. ಅದರಲ್ಲಿ ಚಮೇಲಿಯ ವಾಸನೆ ಇನ್ನೂ ಇತ್ತು. ಅಂಗೈಯಿಂದ ಸವರಿದಳು. ಅತ್ತಿತ್ತ ನೋಡಿದಳು. ಸೀರೆಯನ್ನು ಎತ್ತಿ ಕಟ್ಟಿ, ಗೋಡೆ ಹತ್ತಿ, ಒಂದು ಕಾಲು ಆಚೆ ಒಂದು ಕಾಲು ಈಚೆ ಹಾಕಿ ಕೂತಳು. ಕಂಬಳಿಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಬಾಗಿಲಲ್ಲಿ ಗಾದಿಲಿಂಗಮ್ಮ ನಿಂತಿದ್ದಳು. ಭೀಮಕ್ಕ ಇಳಿಯಲೂ ಆಗದೆ ಕೂರಲೂ ಆಗದೆ ಉಳಿದಳು.

ಮುದುಕಿ ನಗಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಬೀದಿ ಬಾಗಿಲಿನ ಚಿಲಕ ಹಾಕಿ ಬಂದು, ಒಗೆಯುವ ಕಲ್ಲಿನ ಮೇಲೆ ಕೂತಳು.

"ಗಂಡನ ಮನಿಗೆ ಬಂದಾಕಿಗೆ ತವರಿನ ಕಟ್ಟು ಹತ್ತಾದಿಲ್ಲ ಅಂತ ನನಗ ಗೊತ್ತಿರಲಿಲ್ಲೇನು?" ಎಂದಳು. "ಗೊತ್ತಿತ್ತು. ಅವತ್ತು ಬಯಲಾಗ ಏರೇ ಅಂತ ನಾನಾರ ಅನ್ನಬೇಕಾಗಿತ್ತು. ಬಾಯಿ ಮುಚ್ಚಿಕೊಂಡು ನಿಂತೆ."

 ಗಾದಿಲಿಂಗಮ್ಮ ಸೊಸೆ ಕೂತ ರೀತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗದರಿದಳು.

"ಹಂಗಲ್ಲಲೇ. ಮೊಳಕಾಲು ಬಿಗಿ. ಕೈ ಸಡ್ಲ ಬಿಡು."

ಭೀಮಕ್ಕ ಮೊಣಕಾಲು ಬಿಗಿ ಮಾಡಿದಳು, ಕೈ ಸಡಿಲ ಬಿಟ್ಟಳು.